ಹಗುರ ಡೇರೆ, ರೈತನ ಹೊಲ: ಕ್ಯಾಂಪಿಂಗ್ ಕ್ಲಬ್ಬಿನ 125 ವರ್ಷ

1901ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಸಣ್ಣ ಪೇಟೆಯಲ್ಲಿ ಬೆರಳೆಣಿಕೆಯ ಸೈಕಲ್ ಸವಾರರು ಡೇರೆ ಹಾಕಿಕೊಂಡು ತಂಗಿದರು. ಅದು ‘ಅಸೋಸಿಯೇಷನ್ ಆಫ್ ಸೈಕಲ್ ಕ್ಯಾಂಪರ್ಸ್’ ಸಂಘದ ಮೊದಲ ಶಿಬಿರ. ಅದೇ ಸಂಘ ಇಂದು ‘ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್’ ಆಗಿ ಬೆಳೆದು ಏಳು ಲಕ್ಷಕ್ಕೂ ಹೆಚ್ಚು ಸದಸ್ಯರನ್ನು ಹೊಂದಿದೆ. 2026ಕ್ಕೆ ಅದಕ್ಕೆ 125 ವರ್ಷ. ರಜೆ ಸಿಕ್ಕಾಗ ಬೆನ್ನಿಗೊಂದು ಚೀಲ ಏರಿಸಿ ಬಯಲಿಗೆ ಹೊರಡುವ ನಮ್ಮಂಥವರು ಈ ಸಂಸ್ಥೆಯ ಕಥೆಯನ್ನು ತಿಳಿದುಕೊಳ್ಳಲೇಬೇಕು.

ಡೇರೆ ಹೊಸದೇನಲ್ಲ. ದಂಡಿನವರು, ಬೇಟೆಗೆ ಹೋಗುವ ದೊರೆಗಳು, ಸರ್ವೆ ಅಧಿಕಾರಿಗಳು ಅದರಲ್ಲೇ ಕಾಲ ಕಳೆದವರು. ಆದರೆ ಅವರ ಸಾಮಾನು ಹೊರಲು ಗಾಡಿ ಬೇಕು, ಹೂಡಲು ಆಳು ಬೇಕು. 1880ರ ದಶಕಕ್ಕೆ ಥೇಮ್ಸ್ ನದಿಯಲ್ಲಿ ಬಾಡಿಗೆ ದೋಣಿ ಹಿಡಿದು, ಅದರ ಮೇಲೆ ಕ್ಯಾನ್ವಾಸ್ ಹೊದಿಸಿ ರಾತ್ರಿ ಮಲಗುವ ಮೋಜು ಶುರುವಾಗಿತ್ತು. ಅಲ್ಲಿಯೂ ಭಾರವನ್ನು ಹೊರುತ್ತಿದ್ದುದು ದೋಣಿಯೇ. ವಾರವಿಡೀ ದುಡಿದು ಒಂದೆರಡು ದಿನದ ಬಿಡುವು ಪಡೆಯುವ ಗುಮಾಸ್ತನಿಗೆ, ಕುಶಲಕರ್ಮಿಗೆ ಇದು ಎಟುಕಬೇಕಾದರೆ ಇಡೀ ಬಿಡಾರ ಒಬ್ಬನ ಕೈಯಲ್ಲಿ ಸಾಗುವಷ್ಟು ಹಗುರವಾಗಬೇಕಿತ್ತು.

ಆ ಕೆಲಸಕ್ಕೆ ಕೈಹಾಕಿದವರು ಥಾಮಸ್ ಹೈರಮ್ ಹೋಲ್ಡಿಂಗ್, ಲಂಡನ್ನಿನ ಒಬ್ಬ ದರ್ಜಿ. 1853ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಅವರು ಅಮೆರಿಕದ ಹುಲ್ಲುಬಯಲುಗಳನ್ನು ಸುಮಾರು 300 ವಲಸಿಗರ ಗಾಡಿಸಾಲಿನೊಂದಿಗೆ ದಾಟಿದ್ದರು. ಬಯಲಲ್ಲಿ ಮಲಗುವ ರುಚಿ ಹತ್ತಿದ್ದು ಅಲ್ಲಿ. ದೊಡ್ಡವರಾದ ಮೇಲೆ ಸ್ಕಾಟ್ಲೆಂಡಿನ ನೀರಿನಲ್ಲಿ ಕೆನೂ ದೋಣಿಯಲ್ಲಿ ಅಲೆದರು. 1897ರಲ್ಲಿ ಗೆಳೆಯರ ಜೊತೆ ಐರ್ಲೆಂಡಿನ ಕಾನೆಮಾರಾದಲ್ಲಿ ಸೈಕಲ್ ಮೇಲೆ ಡೇರೆ ಹೇರಿಕೊಂಡು ಸುತ್ತಿ ಬಂದು, ಮರುವರ್ಷವೇ ಆ ಪ್ರವಾಸದ ಪುಸ್ತಕ ಹೊರತಂದರು.

ಕಾಲವೂ ಕೂಡಿಬಂದಿತ್ತು. ಎರಡೂ ಚಕ್ರ ಸಮನಾಗಿರುವ ಸೈಕಲ್ 1885ರಲ್ಲಿ, ಗಾಳಿ ತುಂಬುವ ಟೈರು 1888ರಲ್ಲಿ ಬಂದಿದ್ದವು. 1892ರ ಸುಮಾರಿಗೆ ಸ್ವೀಡನ್ನಿನಿಂದ ಪ್ರೈಮಸ್ ಸ್ಟೌ ಬಂತು. ನಮ್ಮ ಅಡುಗೆಮನೆಗಳಲ್ಲಿ ದಶಕಗಳ ಕಾಲ ಭೋರ್ಗರೆದ ಸೀಮೆಎಣ್ಣೆ ಪಂಪ್ ಸ್ಟೌ ಇದೇ. ಬಟ್ಟಲಿಗೆ ತುಸು ಸ್ಪಿರಿಟ್ ಸುರಿದು ಹೊತ್ತಿಸಿ ಬರ್ನರ್ ಕಾಯಿಸಬೇಕು, ಆಮೇಲೆ ಪಂಪ್ ಹೊಡೆಯಬೇಕು. ಎಣ್ಣೆ ಆವಿಯಾಗಿ ಸಣ್ಣ ರಂಧ್ರದಿಂದ ನುಗ್ಗಿ ನೀಲಿ ಉರಿಯಾಗುತ್ತದೆ. ಒದ್ದೆ ಸೌದೆಯೊಡನೆ ಗುದ್ದಾಡುವ ಕಷ್ಟ ತಪ್ಪಿತು, ರೈತನ ಬೇಲಿಯ ಗೂಟಕ್ಕೆ ಕೈಹಾಕುವ ಪ್ರಮೇಯವೂ ಬರಲಿಲ್ಲ. ಇನ್ನು ಬಟ್ಟೆಯ ಮರ್ಮ ಹೋಲ್ಡಿಂಗ್‌ಗೆ ಗೊತ್ತೇ ಇತ್ತು. ದಪ್ಪ ಕ್ಯಾನ್ವಾಸ್ ಬಿಟ್ಟು ರೇಷ್ಮೆಯಂಥ ತೆಳು ಬಟ್ಟೆ, ಮರದ ಕಂಬದ ಬದಲು ತುಂಡು ತುಂಡಾಗಿ ಜೋಡಿಸುವ ಬಿದಿರು ಕೋಲು ಬಳಸಿದರು. 1908ರಲ್ಲಿ ಬಂದ ಅವರ ‘ದಿ ಕ್ಯಾಂಪರ್ಸ್ ಹ್ಯಾಂಡ್‌ಬುಕ್’ ಈ ಅನುಭವವನ್ನೆಲ್ಲ ಒಟ್ಟುಗೂಡಿಸಿತು.

ಡೇರೆ ಹಗುರವಾಯಿತು. ಅದನ್ನು ಹಾಕುವುದೆಲ್ಲಿ? ಹಳ್ಳಿಯ ನೆಲವೆಲ್ಲ ಯಾರದೋ ಹೊಲ, ಯಾರದೋ ಹುಲ್ಲುಗಾವಲು. ಊರು ಕಂಡರಿಯದ ಸವಾರನನ್ನು ಒಳಗೆ ಬಿಟ್ಟುಕೊಳ್ಳಲು ರೈತ ಹಿಂದೆ ಮುಂದೆ ನೋಡುವುದು ಸಹಜ. ಒಬ್ಬಂಟಿಯಾಗಿ ಬಗೆಹರಿಸಲಾಗದ ಈ ತೊಡಕಿಗೆ ಸಂಘ ಬೇಕಾಯಿತು. ಸದಸ್ಯನ ನಡತೆಗೆ ಸಂಘ ಜಾಮೀನು ನಿಂತಿತು. 1906ರಲ್ಲಿ ವೇಬ್ರಿಜ್‌ನಲ್ಲಿ ಸಂಘದ ಸ್ವಂತ ಶಿಬಿರ ತಾಣವೇ ಆಯಿತು. ಅಷ್ಟರಲ್ಲಿ ಸದಸ್ಯರು ನೂರಾರು ಮಂದಿ.

1909ರಲ್ಲಿ ದಕ್ಷಿಣ ಧ್ರುವದ ಸಾಹಸಿ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಕ್ಯಾಂಪಿಂಗ್ ಕ್ಲಬ್ಬಿನ ಮೊದಲ ಅಧ್ಯಕ್ಷರಾದರು. 1912ರಲ್ಲಿ ಧ್ರುವದಿಂದ ಮರಳುವಾಗ ಅವರು ಕೊನೆಯುಸಿರೆಳೆದದ್ದು ಡೇರೆಯೊಳಗೇ. ಚಿಕ್ಕಪುಟ್ಟ ಸಂಘಗಳು ಒಂದಾದವು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಸ್ಕೌಟ್ ಚಳವಳಿಯ ಜನಕ ಬೇಡನ್ ಪೊವೆಲ್ ಅಧ್ಯಕ್ಷ ಪೀಠಕ್ಕೆ ಬಂದರು. 1941ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆ ಹೊತ್ತರು. ಅವರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ಸೇರಿಸಿ ನಡೆಸಿದ ಶಿಬಿರದ ಅಲೆ ಎರಡೇ ವರ್ಷದಲ್ಲಿ ನಮ್ಮ ಬೆಂಗಳೂರಿಗೂ ತಲುಪಿತು. ಭಾರತದ ಸ್ಕೌಟ್ ಚಳವಳಿ ಮೊಳಕೆಯೊಡೆದದ್ದು 1909ರಲ್ಲಿ, ಇದೇ ಊರಿನಲ್ಲಿ. ಕನ್ನಡದ ಎಷ್ಟೋ ಮಕ್ಕಳು ಗಂಟು ಹಾಕಲು, ಡೇರೆಯ ಸುತ್ತ ಕಾಲುವೆ ತೋಡಲು, ಹೊರಡುವ ಮುನ್ನ ನೆಲ ಗುಡಿಸಲು ಕಲಿತದ್ದು ಸ್ಕೌಟ್ ಶಿಬಿರಗಳಲ್ಲೇ.

1932ರಲ್ಲಿ ಹಲವು ದೇಶಗಳ ಕ್ಲಬ್ಬುಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಕಾರು ಬಂತು, ಅದಕ್ಕೆ ಕಟ್ಟಿ ಎಳೆಯುವ ಚಕ್ರದ ಮನೆ ಕ್ಯಾರವಾನ್ ಬಂತು, ಒಂಟಿ ಸವಾರನ ಹವ್ಯಾಸ ಮನೆಮಂದಿಯ ರಜೆಯಾಯಿತು. 1983ರಲ್ಲಿ ಕ್ಲಬ್ಬಿನ ಹೆಸರಿನಲ್ಲೂ ಕ್ಯಾರವಾನ್ ಸೇರಿತು.

ಈ ಬೆಳವಣಿಗೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಸಣ್ಣ ಏರ್ಪಾಡು. 1960ರ ಬ್ರಿಟಿಷ್ ಕಾಯ್ದೆ ಕ್ಯಾರವಾನ್ ತಾಣಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಆದರೆ ಮಾನ್ಯತೆ ಪಡೆದ ಸಂಸ್ಥೆಗಳು ತಾವೇ ತಾಣಗಳಿಗೆ ಪ್ರಮಾಣಪತ್ರ ಕೊಡಬಹುದು. ಅದರಂತೆ ಒಬ್ಬ ರೈತ ತನ್ನ ಹೊಲದ ಮೂಲೆಯಲ್ಲಿ ಕ್ಲಬ್ ಸದಸ್ಯರ ಐದು ಕ್ಯಾರವಾನ್‌ಗಳಿಗೆ, ಜಾಗವಿದ್ದರೆ ಹತ್ತು ಡೇರೆಗಳಿಗೆ ಎಡೆ ಕೊಡಬಹುದು. ಒಂದು ನಲ್ಲಿ, ಕೊಳಕು ನೀರು ಚೆಲ್ಲಲು ಒಂದು ಜಾಗ, ಸುತ್ತ ಹುಲ್ಲು, ಅಷ್ಟೇ. ರೈತನಿಗೆ ನಾಲ್ಕು ಕಾಸು, ಬಂದವನಿಗೆ ನೆಮ್ಮದಿಯ ನಿದ್ದೆ. ಇಂಥ ಅಧಿಕಾರ ಒಂದು ಹವ್ಯಾಸಿ ಸಂಘದ ಕೈಗೆ ಸುಮ್ಮನೆ ಬರುವುದಿಲ್ಲ. ಅದರ ಹಿಂದೆ ಆರು ದಶಕಗಳ ಕಾಲ ಕೇಳಿಯೇ ಒಳಗೆ ಕಾಲಿಟ್ಟ, ಗೇಟು ಮುಚ್ಚಿಯೇ ಹೊರಟ ಸಾವಿರಾರು ಅನಾಮಿಕ ಸದಸ್ಯರ ಶಿಸ್ತಿದೆ.

ಪಶ್ಚಿಮ ಘಟ್ಟದ ಬೆಟ್ಟಗಳಿಗೆ ಇಂದು ಹಗುರ ಡೇರೆ ಹೊತ್ತು ಹೋಗುವುದು ಕಷ್ಟವಲ್ಲ, ಅವು ಅಂಗಡಿಯಲ್ಲಿ ಸಿಗುತ್ತವೆ. ಸಿಗದಿರುವುದು ಅಲ್ಲಿನ ಊರವರ ವಿಶ್ವಾಸ. ಅದನ್ನು ನಾವು ಪ್ರತಿ ಸಲವೂ ಗಳಿಸಬೇಕು. ಅಪ್ಪಣೆ ಪಡೆದೇ ಹೊರಡುವ, ತಂದ ಕಸವನ್ನು ಹೊತ್ತೇ ಮರಳುವ ಚಾರಣ ತಂಡಗಳು ನಮ್ಮಲ್ಲೂ ಹೆಚ್ಚಲಿ. ವಾಂಟೇಜ್‌ನ ಆ ಸವಾರರಿಗೆ ಇದಕ್ಕಿಂತ ಒಳ್ಳೆಯ ಕೃತಜ್ಞತೆ ಬೇರೆ ಇಲ್ಲ.