ಬೀಡು, ಬಿಡಾರ, ಬಿಡದಿ

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳ ಕೆಲಸಗಾರರು ಹೆಚ್ಚಾಗಿ ಇರುವುದು ‘ಲೈನ್ ವೀಡು’ಗಳಲ್ಲಿ. ಒಂದೇ ಸಾಲಿಗೆ ಕೋಣೆಗಳು, ಎದುರಿಗೆ ಉದ್ದನೆಯ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ಮೂಲೆಯಲ್ಲಿ ಕಕ್ಕಸು. ಕೋಣೆಯೊಳಗೆ ಗ್ಯಾಸ್ ಒಲೆ, ಗೋಡೆಯಲ್ಲೊಂದು ಮೊಳೆ, ಮೊಳೆಗೆ ನೇತುಹಾಕಿದ ಬಟ್ಟೆಯ ಚೀಲ. ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ಬಂದವರಿಗೆ ‘ವೀಡು ವಾಡಗೈಕ್ಕು’ ಎಂಬ ಬೋರ್ಡನ್ನು ಯಾರಾದರೂ ಓದಿ ಹೇಳಿದರೆ ಸಾಕು, ಅರ್ಥ ಹೇಳಬೇಕಾಗಿಲ್ಲ. ಅವರ ವೆಲ್ಲ ನಮ್ಮ ಬೆಲ್ಲ, ಅವರ ವಾಯಿ ನಮ್ಮ ಬಾಯಿ, ಅವರ ವೀಡು ನಮ್ಮ ಬೀಡು.

ಆದರೆ ನಾವು ಬೀಡಿನಲ್ಲಿ ಸಂಸಾರ ಮಾಡುವುದಿಲ್ಲ. ಮೂಲ ಧಾತು ‘ಬಿಡು’. ಎತ್ತಿನ ಕೊರಳಿಂದ ನೊಗ ಬಿಟ್ಟ ಜಾಗ, ದಂಡು ನಡಿಗೆ ಬಿಟ್ಟು ನಿಂತ ಜಾಗ ಬೀಡು. ಬಾಳುವುದಕ್ಕೆ ನಮಗೆ ಮನೆ ಬೇರೆಯೇ ಇದೆ. ತಮಿಳರು ಮಾತ್ರ ಬಿಡುವ ಕ್ರಿಯಾಪದದಿಂದಲೇ ಮನೆ ಕಟ್ಟಿಕೊಂಡರು. ಅಲ್ಲಿಗೂ ನಿಲ್ಲದೆ, ಧರ್ಮ, ಅರ್ಥ, ಕಾಮಗಳ ನಂತರ ಬರುವ ಮೋಕ್ಷಕ್ಕೂ ‘ವೀಡು’ ಎಂದೇ ಹೆಸರಿಟ್ಟರು. ಬಾಡಿಗೆಗೆ ಸಿಗುವುದೂ ಸಾಯುಜ್ಯವೂ ಒಂದೇ ಪದ!

ನಮ್ಮಲ್ಲಿ ಬೀಡು ದೊಡ್ಡವರ ಪಾಲಾಯಿತು. ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ರಾಜಧಾನಿಗೆ ‘ನೆಲೆವೀಡು’ ಎನ್ನುತ್ತಾರೆ. ಸಮಾಸದೊಳಗೆ ಆ ಹಳೆಯ ವಕಾರ ಇನ್ನೂ ಇದೆ. ತುಳುನಾಡಿನಲ್ಲಿ ಬಲ್ಲಾಳರ ಮನೆ ಬೀಡು, ಧರ್ಮಸ್ಥಳದ ಹೆಗ್ಗಡೆಯವರದು ನೆಲ್ಯಾಡಿ ಬೀಡು. ಇವತ್ತಿನ ಪತ್ರಿಕೆಗಳಲ್ಲಿ ತಪ್ಪದೆ ಬೀಡುಬಿಡುವವು ಕಾಡಾನೆಗಳು ಮಾತ್ರ.

ಬಡವರ ಪಾಲಿಗೆ ಬಂದದ್ದು ಬಿಡಾರ. ನಾಟಕ ಕಂಪನಿ ಹೋದಲ್ಲೆಲ್ಲ ಬಿಡಾರ ಹೂಡುತ್ತಿತ್ತು, ಕಲೆಕ್ಷನ್ ಬಿದ್ದರೆ ಬಿಡಾರ ಕೀಳುತ್ತಿತ್ತು. ರಾಜಕುಮಾರ್ ಬೆಳೆದದ್ದು ಇಂಥ ಬದುಕಿನಲ್ಲೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು, ಹಿಂದೆಯೇ ಮಗ. ರಾಜಕುಮಾರ್ ಹುಟ್ಟಿದ 1929ರಲ್ಲಿ ಅವರ ಹುಟ್ಟೂರು ಗಾಜನೂರು, ತಂದೆಯ ಊರು ಸಿಂಗಾನಲ್ಲೂರು ಎರಡೂ ಕೊಯಮತ್ತೂರು ಜಿಲ್ಲೆಯವೇ. ಸಿಂಗಾನಲ್ಲೂರಿರುವ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಅಲ್ಲಿನ ಕನ್ನಡಿಗರಿಗೆ ಜಿಲ್ಲಾ ಕಚೇರಿಯ ಊರು ಕೊಯಮತ್ತೂರು. ಇವತ್ತು ಅದು ಕೂಲಿಯ ಊರು. ಕೊಯಮತ್ತೂರಿನ ಕನ್ನಡ ದೇವಾಂಗರಂತೂ ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಬಂದವರು. ಅವರ ಬಿಡಾರ ಯಾವಾಗ ಮನೆಯಾಯಿತೋ, ಹೇಳುವವರಿಲ್ಲ.

ಇದೇ ಕುಟುಂಬದ ಇನ್ನೊಂದು ಪದ ಬಿಡದಿ. ಮದುವೆಯಲ್ಲಿ ಬೀಗರನ್ನು ಇಳಿಸುವ ಮನೆ. ಕಾಫಿ ತಡವಾದರೆ ಮುನಿಸು ಶುರುವಾಗುವುದು ಅಲ್ಲಿಂದಲೇ. ತಮಿಳಿನ ‘ವಿಡುದಿ’ಗೆ ಆ ಠೀವಿಯಿಲ್ಲ, ಅದು ಹಾಸ್ಟೆಲ್. ಕೊಯಮತ್ತೂರು, ತಿರುಪ್ಪೂರಿನ ಎಷ್ಟೋ ನೂಲಿನ ಮಿಲ್ಲುಗಳ ಕಾಂಪೌಂಡಿನೊಳಗೇ ಹುಡುಗಿಯರ ವಿಡುದಿಗಳಿದ್ದವು. ‘ಸುಮಂಗಲಿ’ ಎಂಬ ಹೆಸರಿನ ಕರಾರು: ಸುಮಾರು ಮೂರು ವರ್ಷದ ದುಡಿಮೆ, ಕೊನೆಗೆ ಮದುವೆಯ ಖರ್ಚಿಗೆಂದು ಒಂದು ಇಡಿಗಂಟು. ನಡುವೆ ಬಿಟ್ಟರೆ ಗಂಟಿಲ್ಲ, ಗೇಟು ದಾಟಲು ಅಪ್ಪಣೆ ಬೇಕು. ಬಿಡದ ಜಾಗಕ್ಕೆ ವಿಡುದಿ ಎಂಬ ಹೆಸರು! ಆ ಗೇಟುಗಳು ಎಷ್ಟು ಬದನಾಮಾದವೆಂದರೆ ‘ಸುಮಂಗಲಿ’ ಎಂಬ ಮಂಗಳಪದವನ್ನೇ ಕಾರ್ಮಿಕ ಸಂಘಟನೆಗಳು ದೂರಿನ ಪದವಾಗಿ ಬಳಸತೊಡಗಿದವು. ಹಾಸ್ಟೆಲ್‌ಗಳ ನೋಂದಣಿ, ನಿಯಂತ್ರಣಕ್ಕೆ ತಮಿಳುನಾಡು 2014ರಲ್ಲಿ ಕಾಯಿದೆಯನ್ನೇ ತಂದಿತು.

ತಮಿಳಿನಲ್ಲಿ ಅದೇ ಧಾತುವಿನ ‘ವಿಡುದಲೈ’ ಅಂದರೆ ಬಿಡುಗಡೆ. 1935ರಲ್ಲಿ ಶುರುವಾಗಿ ಪೆರಿಯಾರರ ದನಿಯಾದ ಪತ್ರಿಕೆಯ ಹೆಸರೂ ಅದೇ. ಕನ್ನಡ ಮನೆಮಾತಿನ ಪೆರಿಯಾರ್ ಹುಟ್ಟಿದ ಈರೋಡು ಆಗ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ವಿಡುದಿಗೂ ವಿಡುದಲೈಗೂ ನಡುವೆ ಇರುವುದು ಒಂದು ಪ್ರತ್ಯಯ. ಅದನ್ನು ದಾಟಲು ಹುಡುಗಿಯರಿಗೆ ವರ್ಷಗಳು ಹಿಡಿಯುತ್ತವೆ. ಮೊದಲು ಚೆಕಿಂಗ್ ಕೆಲಸ, ಆಮೇಲೆ ಓವರ್‌ಲಾಕ್, ಆಮೇಲೆ ಪೀಸಿಗೆ ನಾಲ್ಕಾಣೆ ಹೆಚ್ಚು ಕೊಡುವ ಬೇರೆ ಕಂಪನಿ. ಶನಿವಾರದ ಬಟವಾಡೆಯಲ್ಲಿ ಲೆಕ್ಕ ತಪ್ಪಿದರೆ ಕಂಟ್ರಾಕ್ಟರನ್ನು ನಿಲ್ಲಿಸಿ ಕೇಳುವ ಧೈರ್ಯ. ‘ಆ ಕಂಪನಿ ಬಿಟ್ಟೆ’ ಎನ್ನುವಾಗ ಅವಳ ಮಾತಿನಲ್ಲಿ ಅಳುಕಿರುವುದಿಲ್ಲ. ಊರಿಂದ ಅವ್ವ ಫೋನಿನಲ್ಲಿ, “ಮನಗ ಯಾವಾಗ ಬತ್ತೀಯ ಕೂಸೇ?” ಅಂದರೆ, “ಸಂಬಳ ಆಗ್ಲಿ ಕನವ್ವ, ಈಗ ರೂಮ್ಗ ಬಂದಿ” ಅನ್ನುತ್ತಾಳೆ. ಮನೆ ಅಂದರೆ ಊರಲ್ಲಿರುವುದು ಮಾತ್ರ. ತಾನೇ ಬಾಡಿಗೆ ಕಟ್ಟಿ, ತಾನೇ ಬೀಗ ಹಾಕುವ ಜಾಗ ಎಂದಿಗೂ ರೂಮು.

ಇಂಥ ಹುಡುಗಿಯರ ಹಾಸ್ಟೆಲ್ಲಿಗೆ ನಮ್ಮ ಸರ್ಕಾರದ ಬೋರ್ಡುಗಳಲ್ಲಿ ‘ಉದ್ಯೋಗಸ್ಥ ಮಹಿಳೆಯರ ವಸತಿನಿಲಯ’ ಎಂದು ಬರೆಯುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಕಲ್ಯಾಣಮಂಟಪಗಳು ಬಂದ ಮೇಲೆ ಬೀಗರೂ ಬಿಡದಿಯನ್ನು ಖಾಲಿ ಮಾಡಿದ್ದಾರೆ, ಪದ ಸುಮ್ಮನೆ ಬಿದ್ದಿದೆ. ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲ್ ಬಾಗಿಲಿಗೆ ಅದನ್ನೇ ಬರೆಸಿ.