ಮೂರನೆಯ ತಂತಿ

ನನ್ನ ಬಳಿ ಓದಿದ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಮೈಲಾರದಲ್ಲಿ ಅವನ ಹಿರಿಯರು ಬಂಡಿ ನಿಲ್ಲಿಸುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಕಾರು ನಿಲ್ಲುತ್ತದೆ. ಅದರ ಅರ್ಧ ಜಾಗದಲ್ಲಿ ಡ್ರಿಲ್ಲು, ಸಾಣೆ ಯಂತ್ರ, ಚಿಕ್ಕದೊಂದು ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ಕೆಲಸ ಮಾಡಬೇಕೆಂಬ ಆಸೆ ಅವನಿಗೆ. "ಸರ್, ಮನೆಯ ಬೋರ್ಡಿನಿಂದ ಒಂದು ವೈರು ಎಳೆದರೆ ಸಾಕಲ್ಲವೇ?" ಎಂದು ಕೇಳಿದ. ಸಾಲದು ಎಂದೆ. ಏಕೆ ಸಾಲದೆಂದು ಹೇಳಲು ಸ್ವಲ್ಪ ಇತಿಹಾಸಕ್ಕೆ ಹೋಗಬೇಕು. ಮೇಷ್ಟರ ಚಾಳಿ, ಕ್ಷಮಿಸಿ.

ಮೈಸೂರು ಸೀಮೆಗೆ ವಿದ್ಯುತ್ತು ದೊಡ್ಡ ಪ್ರಮಾಣದಲ್ಲಿ ಬಂದದ್ದು ದೀಪಕ್ಕಾಗಿ ಅಲ್ಲ, ಯಂತ್ರಕ್ಕಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ನಮ್ಮ ಹಡಗಲಿ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಹಳ್ಳಿಯ ಮನೆಗಳಲ್ಲಿ ಈ ಕ್ರಮ ತಿರುವುಮುರುವಾಯಿತು. ಅಲ್ಲಿ ದೀಪವೇ ಮೊದಲು. ಎಪ್ಪತ್ತರ ದಶಕದ ಕೊನೆಗೆ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದೂ ಒಂದೇ ಒಂದು ಬಲ್ಬು. ಗೋಡೆಯ ಮೇಲೆ ಮರದ ರೀಪು, ರೀಪಿನ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ಕೆಂಪು ಮತ್ತು ಕಪ್ಪು, ಎರಡೇ ತಂತಿ. ಬಲ್ಬಿಗೆ ಅಷ್ಟು ಸಾಕು. ಅದರ ಮೈ ಗಾಜಿನದು, ಉರಿಯುವಾಗ ಯಾರೂ ಹಿಡಿಯುವುದಿಲ್ಲ. ಮೋಟಾರಿನ ಮೈ ಕಬ್ಬಿಣದ್ದು, ಅದನ್ನು ಹಿಡಿಯದೆ ಕೆಲಸವಾಗದು. ಆ ಲೋಹದ ಮೈಯನ್ನು ಭೂಮಿಗೆ ಜೋಡಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. ಆದರೆ ದೀಪಕ್ಕೆಂದು ಹಾಕಿದ ವೈರಿಂಗಿಗೇ ಯಂತ್ರಗಳನ್ನು ಸಿಕ್ಕಿಸುತ್ತ ಹೋದೆವು.

ನನ್ನ ಚಿಕ್ಕಪ್ಪ ಹಾಗೆಯೇ ಮಾಡಿದರು. ಕುಂಟೆಯ ಕುಡ, ಕುಡುಗೋಲು ಹರಿತ ಮಾಡಲು ಸಾಣೆ ಯಂತ್ರ ತಂದರು. ಅದರ ಪ್ಲಗ್ಗಿಗೆ ಮೂರು ಪಿನ್ನು, ನಮ್ಮ ಬೋರ್ಡಿಗೆ ಎರಡೇ ತೂತು. ಪ್ಲಗ್ಗನ್ನು ಕತ್ತರಿಸಿ ಎರಡು ಪಿನ್ನಿನದನ್ನು ಹಾಕಿ, ಹಸಿರು ತಂತಿಯನ್ನು ಸುತ್ತಿ ಬಿಟ್ಟರು. ಒಂದು ಮಳೆಗಾಲದ ಸಂಜೆ ಬರಿಗಾಲಿನಲ್ಲಿ ನಿಂತು ಯಂತ್ರ ಮುಟ್ಟಿದವರು ಚೀರಲೂ ಆಗದೆ ಸೆಟೆದುಕೊಂಡರು. ಚಿಕ್ಕಮ್ಮ ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಕೊನೆಯವರೆಗೂ ಮಡಚಲಿಲ್ಲ.

"ಫ್ಯೂಸು ಯಾಕೆ ಹೋಗಲಿಲ್ಲ?" ಎಂದು ಆಗ ಎಲ್ಲರೂ ಕೇಳಿದರು. ನನಗೆ ಉತ್ತರ ತಿಳಿದದ್ದು ಮುಂದೆ ಭೌತವಿಜ್ಞಾನ ಓದಿದಾಗ. ನೆನೆದ ಮೈಯ ರೋಧ 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. ಮನುಷ್ಯನನ್ನು ಕೊಲ್ಲಲು ಅದು ಧಾರಾಳವಾಯಿತು. 5 ಆಂಪಿಯರಿನ ಫ್ಯೂಸಿಗೆ ಅದರ ಅರಿವೇ ಆಗದು.

ಬರಿಯ ಭೂತಂತಿ ಇದ್ದರೂ ಮುಗಿಯಲಿಲ್ಲ. ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದ್ದರೆ, ಕರೆಂಟು ಯಂತ್ರದ ಮೈಗೆ ಇಳಿದಾಗ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಕದಲುವುದಿಲ್ಲ. ಆದ್ದರಿಂದಲೇ 30 ಮಿಲಿಆಂಪಿಯರ್ ಸೋರಿದರೂ ಕಡಿದುಕೊಳ್ಳುವ ಆರ್‌ಸಿಸಿಬಿ ಕಡ್ಡಾಯವಾಗಿ ಬೇಕೆಂದು ಅವನಿಗೆ ಬರೆದುಕೊಟ್ಟೆ.

ಇನ್ನುಳಿದದ್ದು ಹೀಗೆ: ಕೊಟ್ಟಿಗೆಗೆ ಮೀಟರಿನ ಬಳಿಯಿಂದಲೇ ಬೇರೆ ಲೈನು, ಅದಕ್ಕೊಂದು ಚಿಕ್ಕ ಡಿಸ್ಟ್ರಿಬ್ಯೂಷನ್ ಬಾಕ್ಸು. 16 ಆಂಪಿಯರಿನ ಪ್ಲಗ್ಗಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು. ವೆಲ್ಡಿಂಗಿಗೆ ಯಂತ್ರದ ಮೇಲೆ ಬರೆದ ಆಂಪಿಯರ್ ನೋಡಿ ಪ್ರತ್ಯೇಕ ಲೈನು. ದೀಪಗಳಿಗೆ ಬೇರೆಯದೇ ಎಂಸಿಬಿ. ಯಂತ್ರದ ಲೈನು ಟ್ರಿಪ್ ಆದಾಗ ದೀಪವೂ ಆರಿದರೆ, ಇನ್ನೂ ತಿರುಗುತ್ತಿರುವ ಚಕ್ರದ ಮುಂದೆ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರರಿಂದಲೇ ಮಾಡಿಸು ಎಂದೂ ಹೇಳಿದೆ.

ಗುಂಡಿ ಎಲ್ಲಿ ತೋಡುವುದೆಂಬ ಪ್ರಶ್ನೆ ಬಂತು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ರೋಧ ಏರುತ್ತದೆ. ಬಚ್ಚಲಿನ ನೀರು ಹರಿದು ಹೋಗುವ ಕಡೆ ತೋಡಿಸು ಎಂದೆ. ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಜಾಗವಿದೆಯಂತೆ. ಮುಂದಿನ ವಾರ ತೋಡಿಸುತ್ತಾನೆ.