ತಲೆಕಟ್ಟಿನ ಅಕ್ಷರ, ಬರಿದಲೆಯ ಅಂಕಿ

ಒಂದೇ ಪುಟದಲ್ಲಿ ಮಾತಿಗೂ ಗಣಿತಕ್ಕೂ ಒಂದೇ ಕೈಯ ರೂಪವಿರಬೇಕೆಂಬ ವಿಚಾರವು ಮುದ್ರಣಾಲಯದಲ್ಲಿ ಹುಟ್ಟಿದುದಲ್ಲ. ಮಾನವಿಗೆ ಪಶ್ಚಿಮದಲ್ಲಿರುವ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ 1915ರಲ್ಲಿ ಕಂಡ ಅಶೋಕನ ಶಾಸನದಲ್ಲಿ, ಬ್ರಾಹ್ಮೀ ಅಕ್ಷರಗಳು ತಲೆಯ ಮೇಲೆ ಯಾವ ಕಟ್ಟೂ ಇಲ್ಲದೆ ಸರಳ ಗೆರೆಗಳಾಗಿ ನಿಂತಿವೆ. ಇದರ ಸೋದರಶಾಸನವಾದ ಬ್ರಹ್ಮಗಿರಿಯದರಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಸ್ಥಾನಬೆಲೆಯ ಪದ್ಧತಿ ಇನ್ನೂ ಬಾರದ ಆ ಕಾಲದಲ್ಲಿ ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಚಿಹ್ನೆ. ಮಾತನ್ನು ಕೆತ್ತಿದ ಉಳಿಯೇ ಸಂಖ್ಯೆಯನ್ನೂ ಕೆತ್ತಿದುದರಿಂದ ಓದುವ ಕಣ್ಣು ಎಲ್ಲಿಯೂ ಎಡವದು.

ಕಾಲಕ್ರಮದಲ್ಲಿ ಅಕ್ಷರಕ್ಕೆ ತಲೆಕಟ್ಟು ಬಂದಿತು. ದೇವದುರ್ಗ ತಾಲೂಕಿನ ಗಬ್ಬೂರಿನ ಶಾಸನಗಳಲ್ಲಿಯೂ, ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ರಾಯಚೂರು ಕೋಟೆಯ ಸುಮಾರು 41 ಅಡಿ ಉದ್ದದ ಬಂಡೆಯ ಬರಹದಲ್ಲಿಯೂ ಲಿಪಿಯು ದುಂಡಾಗಿದೆ. ಆದರೆ ನಮ್ಮ ಅಂಕಿಗಳು ತಲೆಕಟ್ಟನ್ನು ಧರಿಸಲೇ ಇಲ್ಲ. ೧ರಿಂದ ೯ರವರೆಗೆ ಒಮ್ಮೆ ಬರೆದು ನೋಡಿರಿ: ಎಲ್ಲವೂ ಬರಿದಲೆಯವು, ಸೊನ್ನೆಯಂತೂ ಅನುಸ್ವಾರದ ಒಡಹುಟ್ಟು. ಆದರೂ ಅಕ್ಷರದೊಡನೆ ಅವು ಬೆರೆಯುವುದು ಬಾಗೂ ಗೆರೆಯ ದಪ್ಪವೂ ಒಂದೇ ಆದುದರಿಂದ.

ಈ ಸಾಮರಸ್ಯವನ್ನು ಕೆಡಿಸಿದುದು ಅಚ್ಚುಮೊಳೆ. 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದಾದುದರಿಂದ ಅದರಲ್ಲಿ ಅಕ್ಷರ, ಅಂಕಿಗಳೆರಡೂ ಕೈಬರಹದವೇ, ಸೀಸದ ಮೊಳೆಗಳಲ್ಲಿಯಾದರೋ ಕನ್ನಡಕ್ಕೊಂದು, ಗಣಿತಚಿಹ್ನೆಗೊಂದು ಪೆಟ್ಟಿಗೆ. ನಿಜಾಮರ ಆಳಿಕೆಯಲ್ಲಿ ಉರ್ದು ಆಡಳಿತಭಾಷೆಯಾಗಿದ್ದ ರಾಯಚೂರು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಇಲ್ಲಿಯ ಮಕ್ಕಳ ಕೈಗೆ ಬಂದ ಕನ್ನಡ ಬೀಜಗಣಿತದಲ್ಲಿ, ದುಂಡನೆಯ ವಾಕ್ಯದ ನಡುವೆ ಓರೆಯಾದ ರೋಮನ್ ‘ಎಕ್ಸ್’ ಒಂದು, ಒಂದು ಗೆರೆ ಕೂದಲಿನಷ್ಟು ತೆಳುವಾಗಿ, ಇನ್ನೊಂದು ಮಸಿ ಮೆತ್ತಿದಂತೆ ದಪ್ಪನಾಗಿ, ಪರದೇಶದ ಅತಿಥಿಯಂತೆ ಬೇರೆಯಾಗಿ ಕುಳಿತಿತು.

ರೋಮನ್ ಅಕ್ಷರದ ತುದಿಗಿರುವ ಸಣ್ಣ ಗೆರೆಯೇ ಸೆರಿಫ್. ಅದನ್ನು ತೆಗೆದ ಮೊದಲ ಅಚ್ಚನ್ನು ಲಂಡನ್ನಿನ ಕ್ಯಾಸ್ಲನ್ ವಂಶದವನೊಬ್ಬನು 1816ರಲ್ಲಿ ತೋರಿಸಿದನು. ಕನ್ನಡದ ಸಮದಪ್ಪದ ಅಚ್ಚಿಗೆ ಇಂಥ ಸೆರಿಫಿಲ್ಲದ ಗಣಿತದ ಅಚ್ಚೇ ಒಪ್ಪುವುದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಪಾಯವೂ ಉಂಟು: ಸೆರಿಫ್ ಹೋದರೆ ದೊಡ್ಡ ‘ಐ’, ಚಿಕ್ಕ ‘ಎಲ್’ ಎರಡೂ ಬರಿಯ ಕಡ್ಡಿಗಳಾಗಿ, ಒಂದರ ಅಂಕಿಯೂ ಅವುಗಳ ಸಾಲಿಗೆ ಸೇರಿಬಿಡಬಹುದು. ಮಾತಿನಲ್ಲಿ ಸಂದರ್ಭವು ಕೈಹಿಡಿಯುತ್ತದೆ, ಸಮೀಕರಣದಲ್ಲಿ ಹಿಡಿಯದು. ಆದುದರಿಂದ ‘ಎಲ್’ನ ಬುಡಕ್ಕೆ ಕೊಂಕನ್ನೂ ಒಂದರ ನೆತ್ತಿಗೆ ಕೊಕ್ಕನ್ನೂ ಕೊಟ್ಟ ಅಚ್ಚನ್ನೇ ಆರಿಸಿ, ಅದರ ಗೆರೆಯು ಪಕ್ಕದ ಕನ್ನಡದ ‘ರ’ದಷ್ಟೇ ದಪ್ಪವಿರುವಂತೆ ಹೊಂದಿಸಬೇಕು.